ನೀರು ಬಿಡುವವನ ಮೇಷ್ಟ್ರು

ನೀರು ಸರಬರಾಜು ಕಚೇರಿಯ ಪ್ರತಿಯೊಬ್ಬ ನೌಕರನಿಗೂ ಇಂಗ್ಲಿಷ್ ಕ್ರಿಯಾಪದಗಳ ಮೂರು ರೂಪಗಳು ಬಾಯಿಗೆ ಬರತಕ್ಕದ್ದು, ಬಾರದವರಿಗೆ ಕೆಲಸ ಉಳಿಯತಕ್ಕದ್ದಲ್ಲ ಎಂಬ ಆದೇಶ ಸೋಮವಾರ ಜಾರಿಗೆ ಬಂತು. ಟೈಪು ಮಾಡಿದವನು ನಾನೇ. ನಲ್ಲಿಯಲ್ಲಿ ನೀರು ಬರುವುದಕ್ಕೂ ಇದಕ್ಕೂ ಏನು ಸಂಬಂಧವೆಂದು ಯಾರೂ ಕೇಳಲಿಲ್ಲ. ಪ್ರಶ್ನೆಗಳನ್ನು ಇಂಗ್ಲಿಷಿನಲ್ಲೇ ಕೇಳತಕ್ಕದ್ದು ಎಂದೂ ಅದರಲ್ಲಿತ್ತು.

ಬಡಾವಣೆಗೆ ನೀರು ಬಿಡುವಾತ ತೆಲುಗಿನವನು. ಬೆಳಿಗ್ಗೆ ವಾಲ್ವ್ ತಿರುಗಿಸುವುದು ಅವನ ಕೆಲಸ. ಬೇರೆಯವರು ಅದನ್ನು ಮುಟ್ಟುವಂತಿಲ್ಲ. ಇರುವ ಒಂದು ಕೆಲಸವೂ ಹೋದರೆ ಗತಿಯೇನೆಂದು ಅವನು ಮ್ಯಾನೇಜರ ಮುಂದೆ ಕೈಕಟ್ಟಿ ನಿಂತ.

"ನೋಡಪ್ಪಾ, ಪಾಠ ಅವರವರ ಮಾತೃಭಾಷೆಯಲ್ಲೇ ನಡೀಬೇಕಂತೆ. ಇಲ್ಲಿ ತೆಲುಗು ಬರೋರು ಯಾರಿದ್ದಾರೆ?"

"ನಾನೊಬ್ನೇ ಸಾರ್."

"ಹಾಗಾದ್ರೆ ನೀನೇ ಮೇಷ್ಟ್ರು."

"ಕಲಿಯೋನು ಸಾರ್?"

"ಅದೂ ನೀನೇ. ಆದ್ರೆ ಎರಡನ್ನೂ ಬೆರೆಸಬೇಡ, ಶಿಸ್ತು ಕೆಡುತ್ತೆ."

ಕೆಟ್ಟ ಮೀಟರುಗಳನ್ನು ಪೇರಿಸಿಟ್ಟಿದ್ದ ಕೋಣೆಯಲ್ಲಿ ತರಗತಿ ಶುರುವಾಯಿತು. ಅವನು ಕುರ್ಚಿಯಲ್ಲಿ ಕೂತು ತೆಲುಗಿನಲ್ಲಿ ಪ್ರಶ್ನೆ ಕೇಳುವನು, ಎದ್ದು ಬಂದು ಬೆಂಚಿನ ಮೇಲಿಂದ "ಗೋ, ವೆಂಟ್, ಗಾನ್" ಎನ್ನುವನು, ಮತ್ತೆ ಕುರ್ಚಿಗೆ ಹೋಗಿ ಭೇಷ್ ಎನ್ನುವನು. ಮೇಷ್ಟ್ರು ಕೂತಾಗ ವಿದ್ಯಾರ್ಥಿ ಗೈರುಹಾಜರು, ವಿದ್ಯಾರ್ಥಿ ಕೂತಾಗ ಮೇಷ್ಟ್ರು ಗೈರುಹಾಜರು. ಇದೊಂದು ದೋಷ ಬಿಟ್ಟರೆ ಎಲ್ಲವೂ ಸುಸೂತ್ರವಾಗಿತ್ತು. ಮ್ಯಾನೇಜರು ಕುರ್ಚಿಯಲ್ಲಿದ್ದವನನ್ನು "ನೀವು" ಎಂದೂ ಬೆಂಚಿನಲ್ಲಿದ್ದವನನ್ನು "ಏಯ್" ಎಂದೂ ಕರೆಯತೊಡಗಿದರು. ನೀರು ಬಿಡುವವನ ಹೆಂಡತಿ ಎರಡು ಊಟದ ಡಬ್ಬಿ ಕಟ್ಟಿದಳು. "ಮೇಷ್ಟ್ರಿಗೆ ಎದುರು ಮಾತಾಡಬೇಡಿ ರೀ, ನಮ್ಮ ಅನ್ನ ಅವರ ಕೈಯಲ್ಲಿದೆ" ಎಂದು ಬಾಗಿಲವರೆಗೂ ಬಂದು ಹೇಳಿದಳು.

ಪರೀಕ್ಷೆಯ ದಿನ ಪರೀಕ್ಷಕರೂ ಮೇಷ್ಟ್ರೇ. ವಿದ್ಯಾರ್ಥಿ ಒಂದೂ ತಪ್ಪದೆ ಒಪ್ಪಿಸಿದ. ನನಗಂತೂ ಹೋದ ಜೀವ ಬಂದ ಹಾಗಾಯಿತು. ಆಗ ಮ್ಯಾನೇಜರು ನಿಯಮ ಓದಿದರು: ಪರೀಕ್ಷಕರು ತಮ್ಮ ಆಪ್ತರನ್ನು ಪಾಸು ಮಾಡತಕ್ಕದ್ದಲ್ಲ.

"ಈ ವಿದ್ಯಾರ್ಥಿ ನಿಮಗೇನಾಗಬೇಕು ಮೇಷ್ಟ್ರೇ?"

ಅವನು ಸುಳ್ಳು ಹೇಳುವ ಜಾಯಮಾನದವನಲ್ಲ. ಬೆಂಚಿನ ಕಡೆ ನೋಡಿದ.

"ಹತ್ತಿರದವನೇ ಸಾರ್."

"ಹಾಗಿದ್ರೆ ಏನು ಮಾಡ್ತೀರಿ?"

"ನಪಾಸು ಸಾರ್," ಎಂದ.

ನೀರು ಬಿಡುವವನನ್ನು ಅಂದೇ ಕೆಲಸದಿಂದ ತೆಗೆಯಲಾಯಿತು. ಸ್ವಂತದವನಿಗೂ ದಾಕ್ಷಿಣ್ಯ ತೋರದ ಮೇಷ್ಟ್ರನ್ನು ಕಾಯಂ ಮಾಡಲಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಎರಡೂ ಆದೇಶ ಟೈಪು ಮಾಡಬೇಕಾದ ನಾನೂ ತಟ್ಟಿದೆ.

ಮರುದಿನ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಒಂದೇ ಡಬ್ಬಿ ಹಿಡಿದು ಬರುತ್ತಿದ್ದ. ಬೀದಿ ನಲ್ಲಿಯ ಹತ್ತಿರ, ದಿನವೂ ಅವನನ್ನು ಮಾತಾಡಿಸುತ್ತಿದ್ದ ಅಜ್ಜಿ ತಡೆದಳು.

"ಏನಣ್ಣಾ, ನೀರೇ ಬಿಟ್ಟಿಲ್ವಲ್ಲ?"

"ಬಿಡೋನನ್ನ ತೆಗೆದುಹಾಕಿದ್ದಾರೆ ಅಜ್ಜಿ. ನಾನು ಮೇಷ್ಟ್ರು."

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಸೆರಗು ಸರಿಮಾಡಿಕೊಂಡಳು.

"ಅಯ್ಯೋ ಪಾಪ, ಒಳ್ಳೆಯವನಿದ್ದ. ಸಿಕ್ಕಿದ್ರೆ ಕೇಳಿದೆ ಅಂತ ಹೇಳಿ ಮೇಷ್ಟ್ರೇ," ಎಂದು ಖಾಲಿ ಕೊಡ ಎತ್ತಿಕೊಂಡು ಮನೆಗೆ ಹೋದಳು.