ಅರವತ್ತರ ಆಚೆ ಈಚೆ

ಖಾನಾಪುರದ ಸೋಮಲಿಂಗನಿಗೆ ಬಿ.ಎಸ್ಸಿ.ಯಲ್ಲಿ ಬಿದ್ದದ್ದು ನೂರಕ್ಕೆ ಐವತ್ತೊಂಬತ್ತೂ ಮುಕ್ಕಾಲು. ಐವತ್ತು ಬಿದ್ದಿದ್ದರೆ ಸುಮ್ಮನಿರುತ್ತಿದ್ದ. ಕಣ್ಣೆದುರಿಗೇ ಬಾಗಿಲು ಹಾಕಿಕೊಂಡು ಹೋದ ಬಸ್ಸಿನಷ್ಟು, ದೂರದಲ್ಲಿ ತಪ್ಪಿದ ಬಸ್ಸು ಮನುಷ್ಯನನ್ನು ಕಾಡುವುದಿಲ್ಲ. ಅದಕ್ಕೇ ರಸಾಯನಶಾಸ್ತ್ರದ ಒಂದು ಪೇಪರನ್ನು ಮರುಮೌಲ್ಯಮಾಪನಕ್ಕೆ ಹಾಕಿದ.

ಅರ್ಜಿಯಲ್ಲಿ ಪಾಲಕರ ಮೊಬೈಲ್ ನಂಬರು ಕೇಳಿದ್ದರು. ಅವ್ವ ಮಾಯವ್ವನ ಫೋನು ದಿನದ ಅರ್ಧ ಹೊತ್ತು ಬಾಯಿ ಮುಚ್ಚಿಕೊಂಡೇ ಇರುತ್ತಿತ್ತು. ಹಾಗಾಗಿ ಬಾಜು ಮನೆಯ ಬಾಳಾಸಾಹೇಬ ಕಾಕಾನ ನಂಬರು ಬರೆದ. ಅವನು ಮಾಡಿದ ತಪ್ಪು ಅಷ್ಟೇ.

ಬಾಳಾಸಾಹೇಬ ಕೆಟ್ಟವನಲ್ಲ. ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ. ಅಲ್ಲಿಯ ಲ್ಯಾಬಿನಲ್ಲಿ ಕರಗಿದ ಕಬ್ಬಿಣ ಪರೀಕ್ಷಿಸುವ ಕೆಲಸ ಖಾಲಿ ಇದೆಯೆಂದು ತಿಳಿಸಿ, ಮಾಲೀಕರ ಕಿವಿಗೆ ಸೋಮಲಿಂಗನ ಹೆಸರು ಹಾಕಿದವನೂ ಅವನೇ. ಶುಕ್ರವಾರ ಹತ್ತಕ್ಕೆ ಬರಲು ಹೇಳಿದ್ದರು. ಎಂ.ಎಸ್ಸಿ. ಸೀಟಿಗೂ ಅದೇ ಶುಕ್ರವಾರ ಕಡೆಯ ದಿನ.

ಮಾಯವ್ವ ರೊಟ್ಟಿ ಕಟ್ಟಿಕೊಡುತ್ತ ಹೇಳಿದಳು: "ನೌಕರಿಯರ ತಗೊಂಡ ಬಾ, ಸೀಟರ ತಗೊಂಡ ಬಾ. ಎರಡೂ ಇಲ್ಲಂದ್ರ ನಾಳಿಂದ ನಿಮ್ಮ ಮಾವ ಕರೆಪ್ಪನ ಕುರಿ ಹಿಂದ ಹೋಗೂದ. ಅವೇನ ಮಾರ್ಕ್ಸ್ ಕೇಳೂದಿಲ್ಲ."

ಫೌಂಡ್ರಿಯ ಮಾಲೀಕ ಬಸವಪ್ರಸಾದ, ಸಂತೆಯಲ್ಲಿ ಎತ್ತಿನ ಬಾಯಿ ತೆರೆಸಿ ಹಲ್ಲು ನೋಡುವ ಹಾಗೆ ಅಂಕಪಟ್ಟಿ ಬಿಡಿಸಿ ನೋಡಿದರು.

"ಅರವತ್ತು ಆಗಿಲ್ಲಲ್ಲಾ?"

"ಇಲ್ರಿ," ಎಂದು ಸೋಮಲಿಂಗ ತಲೆ ತಗ್ಗಿಸಿದ.

"ಛಲೋ ಆತು. ಹಿಂದಿನ ಮೂರೂ ಮಂದಿ ಫಸ್ಟ್ ಕ್ಲಾಸಿನವ್ರು. ನಾಕು ತಿಂಗಳು ನಮ್ಮ ಕಬ್ಬಿಣದಾಗ ಕೆಲಸ ಕಲತ್ರು, ಎಂ.ಎಸ್ಸಿ. ಸೀಟು ಸಿಕ್ಕ ಕೂಡ್ಲೆ ನಡದ್ರು. ಅರವತ್ತರ ಮ್ಯಾಲಿನವ್ರಿಗೆ ರೆಕ್ಕಿ ಇರ್ತಾವಪಾ. ನನಗ ನೆಲದ ಮ್ಯಾಲ ನಿಲ್ಲೂ ಮಂದಿ ಬೇಕು."

ಇಷ್ಟು ದಿನ ನಿದ್ದೆ ಕೆಡಿಸಿದ್ದ ಆ ಕೊರತೆ ಸೋಮಲಿಂಗನಿಗೆ ಆ ಗಳಿಗೆಯಲ್ಲಿ ಮನೆದೇವರಂತೆ ಕಂಡಿತು. ಮಾಲೀಕರು ಕಂಪನಿಯ ಹೆಸರಿದ್ದ ಹಾಳೆ ತೆಗೆದರು, ಪೆನ್ನಿನ ಟೊಪ್ಪಿಗೆ ಬಿಚ್ಚಿದರು, ತಾರೀಖು ಬರೆದರು.

ಆಗ ಬಾಳಾಸಾಹೇಬ ಪೇಢೆಯ ಡಬ್ಬಿ ಹಿಡಿದು ಒಳಗೆ ಬಂದ.

"ಬಾಯಿ ಸಿಹಿ ಮಾಡ್ರಿ ಸಾವ್ಕಾರ್ರ. ಈಗ ಮೆಸೇಜ್ ಬಂತು. ನಮ್ಮ ಸೋಮ್ಯಾನ ಪೇಪರ್ ಮತ್ತ ತಿದ್ದ್ಯಾರ, ಹನ್ನೊಂದು ಮಾರ್ಕ್ಸ್ ಹೆಚ್ಚಿಗಿ ಬಂದಾವ. ಅರವತ್ತು ದಾಟಿದ ನೋಡ್ರಿ. ಫಸ್ಟ್ ಕ್ಲಾಸ್."

ಮಾಲೀಕರು ಒಂದು ಪೇಢೆ ತಿಂದರು. ಬೆರಳು ಒರೆಸಿಕೊಂಡರು. ಪೆನ್ನಿಗೆ ಟೊಪ್ಪಿಗೆ ಹಾಕಿದರು.

"ಭಾಳ ಸಂತೋಷ ಆತು. ಚಂದಂಗ ಮುಂದ ಓದು."

"ನಾ ಎಲ್ಲೂ ಹೋಗೂದಿಲ್ರಿ."

"ಆ ಮೂರೂ ಮಂದಿ ಹಿಂಗ ಅಂದಿದ್ರು."

ಏನೋ ಎಡವಟ್ಟಾಯಿತೆಂದು ಬಾಳಾಸಾಹೇಬನಿಗೆ ಹೊಳೆಯಿತು. ಸರಿಪಡಿಸಲು ಮುಂದೆ ಬಂದ. "ಹುಡುಗ ಭಾಳ ಹುಷಾರ್ ಅದಾನ್ರಿ ಸಾವ್ಕಾರ್ರ. ಇಷ್ಟಕ್ಕ ನಿಲ್ಲೂ ಪೈಕಿ ಅಲ್ಲ ಅಂವಾ."

ಮಾಲೀಕರು ಅಂಕಪಟ್ಟಿ ಮಡಿಸಿ ಸೋಮಲಿಂಗನ ಕೈಗೆ ಕೊಟ್ಟರು.

ಹೋಗಲಿ, ಸೀಟಾದರೂ ಸಿಕ್ಕೀತು ಎಂದು ಅವನು ಸಿಟಿ ಬಸ್ಸು ಹಿಡಿದು ಕಾಲೇಜಿಗೆ ಓಡಿದ. ಪ್ರವೇಶದ ಕೋಣೆಯಲ್ಲಿ ಪದ್ಮಶ್ರೀ ಎಂಬ ಗುಮಾಸ್ತೆ ಕುಳಿತಿದ್ದರು.

"ಅರವತ್ತು ದಾಟೇತಿ ಅಂತಿ. ಎಲ್ಲೈತಿ?"

"ಮೊಬೈಲ್‌ದಾಗ್ರಿ ಮೇಡಂ. ಅದೂ ನಮ್ಮ ಕಾಕಾನ ಮೊಬೈಲ್‌ದಾಗ."

"ನಿಮ್ಮ ಕಾಕಾನ ಮೊಬೈಲ್ ನೋಡಿ ಸೀಟು ಕೊಡಾಕ ಬರ್ತೈತೇನು ತಮ್ಮಾ? ಹೊಸಾ ಅಂಕಪಟ್ಟಿ ಬರಬೇಕು. ಅದಕ್ಕ ಮೂರು ವಾರ ಬೇಕು. ಇಲ್ಲಿ ಇವತ್ತ ಐದಕ್ಕ ಬಾಗಲಾ ಹಾಕ್ತಾರ. ಈ ಸಲ ಲಿಸ್ಟ್ ಅರವತ್ತಕ್ಕ ನಿಂತೈತಿ. ಕಾಗದದ ಮ್ಯಾಲ ನೀ ಇನ್ನೂ ಈಚಿಕಡೇನ ಅದಿ."

ಸೋಮಲಿಂಗ ಹೊರಗಿನ ಕಟ್ಟೆಯ ಮೇಲೆ ಕುಳಿತು ರೊಟ್ಟಿ ಬಿಚ್ಚಿದ. ಮೂರು ವರ್ಷ ಅವನು ಆಮ್ಲ, ಕ್ಷಾರ ಅಳೆದಿದ್ದ. ಈಗ ಅವನನ್ನು ಅಳೆಯಲು ಎರಡು ತಕ್ಕಡಿ. ಫೌಂಡ್ರಿಯ ತಕ್ಕಡಿಯಲ್ಲಿ ತೂಕ ಹೆಚ್ಚು, ಕಾಲೇಜಿನದರಲ್ಲಿ ಕಡಿಮೆ. ನಿನಗೆ ಏನು ಬರುತ್ತದಪ್ಪಾ ಎಂದು ಮಾತ್ರ ಬೆಳಗಿನಿಂದ ಒಬ್ಬರೂ ಕೇಳಿರಲಿಲ್ಲ.

ಎರಡನೆಯ ರೊಟ್ಟಿ ಮುಗಿಯುವಷ್ಟರಲ್ಲಿ ಒಂದು ಉಪಾಯ ಹೊಳೆಯಿತು. ಕೈ ತೊಳೆದು ಮತ್ತೆ ಒಳಗೆ ಹೋದ.

"ಮೇಡಂ, ನಾ ಇನ್ನೂ ಅರವತ್ತು ಮುಟ್ಟಿಲ್ಲಂತ ಒಂದ್ ಚೀಟಿ ಬರದ ಕೊಡ್ರಿ. ನಿಮ್ಮ ಲಿಸ್ಟಿನ್ಯಾಗ ನನ್ನ ಹೆಸರಿಲ್ಲಂತನೂ ಬರೀರಿ."

ಪದ್ಮಶ್ರೀ ಕನ್ನಡಕ ತೆಗೆದು ಅವನನ್ನು ನೋಡಿದರು. "ಇಪ್ಪತ್ತು ವರ್ಷ ಆತು ಇಲ್ಲಿ ಕುಂತು. ಎಲ್ಲಾರೂ ಅದಾರಂತ ಬರಸ್ಕೊಂಡ ಹೋಗ್ತಾರ. ಇಲ್ಲಂತ ಬರಸ್ಕೊಳ್ಳಾಕ ಬಂದಾವ ನೀ ಒಬ್ಬನ." ಆದರೂ ಮರುಕಪಟ್ಟು ಬರೆದು, ಠಸ್ಸೆ ಒತ್ತಿಕೊಟ್ಟರು.

ತಾನು ದಡ್ಡನೆಂಬ ಆ ದಾಖಲೆಯನ್ನು ಎದೆಗೆ ಒತ್ತಿಕೊಂಡು ಸೋಮಲಿಂಗ ಫೌಂಡ್ರಿಯ ಗೇಟು ಮುಟ್ಟಿದಾಗ ನಾಲ್ಕೂವರೆ. ಒಳಗಿನಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಅವಳ ಕೈಯಲ್ಲಿ ಬೆಳಿಗ್ಗೆ ಅವನು ಕಂಡಿದ್ದಂಥದೇ ಹಾಳೆ.

"ಲ್ಯಾಬಿನ ಕೆಲಸಾ ನಿಮಗ ಆತೇನ್ರಿ?"

"ಹೂಂನ್ರಿ. ಮಧ್ಯಾಹ್ನ ಫೋನ್ ಮಾಡಿ ಕರದ್ರು." ಹೆಸರು ಸಮೃದ್ಧಿ, ಖಾಸಬಾಗದವಳು, ಅವನಂತೆಯೇ ಈ ವರ್ಷ ಬಿ.ಎಸ್ಸಿ. ಮುಗಿಸಿದವಳು.

"ಮಾರ್ಕ್ಸ್ ಎಷ್ಟ್ರಿ?"

ಅವಳು ಒಮ್ಮೆ ಹಿಂದೆ ನೋಡಿ ದನಿ ತಗ್ಗಿಸಿದಳು. "ಸಾವ್ಕಾರ್ರ ಲೆಕ್ಕದಾಗ ಐವತ್ತೊಂದು. ಖರೇ ಅಂದ್ರ ಎಂಬತ್ತೆರಡು. ಮೊದಲನೇ ಸೆಮಿಸ್ಟರಿಗೆ ನನಗ ಟೈಫಾಯ್ಡ್ ಆಗಿತ್ತು. ಆ ಐವತ್ತೊಂದರ ಮಾರ್ಕ್ಸ್ ಕಾರ್ಡ್ ಒಂದ ತೋರಿಸಿ, ಉಳದದ್ದು ಆಮ್ಯಾಲ ತರ್ತೀನಿ ಅಂದೆ. ಇಷ್ಟ ಸಾಕವಾ ಅಂದ್ರು. ಇಲ್ಲಿ ಅರವತ್ತರ ಮ್ಯಾಲ ನಡೆಯೂದಿಲ್ಲಂತ, ಮೊದಲ ಇಲ್ಲಿ ಕೆಲಸಾ ಮಾಡಿ ಬಿಟ್ಟವ್ರ ಹೇಳಿದ್ರು."

"ಮತ್ತ ಎಂ.ಎಸ್ಸಿ.?"

"ಸೀಟು ಮೊನ್ನೇನ ಸಿಕ್ಕೈತಿ. ಕ್ಲಾಸ್ ಶುರುವಾಗಾಕ ಎರಡು ತಿಂಗಳು ಐತಿ. ಅಲ್ಲೀತನಕ ಮನ್ಯಾಗ ಸುಮ್ನ ಕುಂದ್ರೂದ್ಯಾಕ?" ಎಂದವಳು ಅವನ ಫೈಲು ನೋಡಿದಳು. "ನೀವು ಎಷ್ಟು ಕಾರ್ಡ್ ತೋರಿಸಿದ್ರಿ?"

"ಎಲ್ಲಾ ತೋರಿಸ್ದೆ."

"ಎಲ್ಲಾನೂ?" ಅವಳಿಗೆ ನಿಜವಾಗಿಯೂ ಅಯ್ಯೋ ಅನಿಸಿತು.

ಅಷ್ಟರಲ್ಲಿ ಮಾಲೀಕರು ಕಾರಿನತ್ತ ಬಂದರು. ಸೋಮಲಿಂಗ ಬಾಯಿ ತೆರೆದಿದ್ದರೆ ಸಾಕಿತ್ತು. ತೆರೆಯಲಿಲ್ಲ. ಒಬ್ಬರ ಅಂಕ ಇನ್ನೊಬ್ಬರ ಬಾಯಿಂದ ಹೊರಬಿದ್ದರೆ ಏನಾಗುತ್ತದೆಂದು ಆ ದಿನ ಬೆಳಗಾವಿಯಲ್ಲಿ ಅವನಷ್ಟು ಬಲ್ಲವರು ಯಾರೂ ಇರಲಿಲ್ಲ. ಚೀಟಿಯನ್ನು ಮಡಿಸಿ ಕಿಸೆಗೆ ಇಳಿಸಿದ.

ಮಾಲೀಕರು ಅವನ ಬೆನ್ನಿನ ಮೇಲೆ ಕೈಯಿಟ್ಟರು. "ಮನಸ್ಸಿಗೆ ಹಚ್ಕೋಬ್ಯಾಡಪಾ. ನೀ ಶಾಣ್ಯಾ ಅದಿ, ನಿನಗ ನೂರು ಬಾಗಲಾ ತೆಗೀತಾವ." ಆಮೇಲೆ ಸಮೃದ್ಧಿಯ ಕಡೆ ಕರುಣೆಯಿಂದ ನೋಡಿ ಹೇಳಿದರು: "ಈ ಕೂಸಿಗೆ, ಪಾಪ, ನಾ ಬಿಟ್ರ ಮತ್ಯಾರು ಕೊಡ್ತಾರ?"