ಮನೆ ನೋಡಿ ಕೊಳ್ಳುವವರು

ನರ್ಸಮ್ಮ ಹದಿನೈದು ದಿನ ರಜೆ ಕೇಳಿದಳು. ಎರಡು ವರ್ಷದಲ್ಲಿ ಇದೇ ಮೊದಲು. ಮಗಳು ಹೆತ್ತು ಮೂರು ತಿಂಗಳಾಗಿತ್ತು, ಅಜ್ಜಿಯಾದವಳು ಇನ್ನೂ ಮಗುವಿನ ಮುಖ ನೋಡಿರಲಿಲ್ಲ. ಇಲ್ಲ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಮನೆಯ ಸೊಸೆಗೆ ಅದೇ ಸಂಕಟ. ಜಗಳವಾಡಲು ಒಂದು ಕಾರಣವೂ ಸಿಗಲಿಲ್ಲ.

(ನರ್ಸಮ್ಮ ನರ್ಸ್ ಅಲ್ಲ, ಅತ್ತೆಯನ್ನು ನೋಡಿಕೊಳ್ಳುವ ಆಯಾ. ಎದೆಗೆ ಪಿನ್ನು ಚುಚ್ಚಿ ಗಡಿಯಾರ ತೂಗುಹಾಕಿಕೊಂಡಿರುತ್ತಾಳೆ, ಅಷ್ಟೆ. ಆ ಗಡಿಯಾರವೂ ನಿಂತುಹೋಗಿದೆ.)

ಆ ಮನೆಯಲ್ಲಿ ಇದ್ದದ್ದು ಮೂವರು ಹೆಂಗಸರು. ಒಳಕೋಣೆಯ ಮಂಚದ ಮೇಲೆ ಅತ್ತೆ. ಮುಂದಿನ ಕೋಣೆಯ ಹೊಲಿಗೆ ಮಿಷನ್ನಿನ ಮುಂದೆ ಸೊಸೆ, ಬೀದಿಯವರ ಕಿತ್ತ ಜಿಪ್ಪು, ಸವೆದ ಕಾಲರು ಗುಡ್ಡೆ ಹಾಕಿಕೊಂಡು. ಇಬ್ಬರ ಮಧ್ಯೆ ಒಂದು ಗೋಡೆ ಮತ್ತು ನರ್ಸಮ್ಮ. ಅತ್ತೆ ಸೊಸೆ ಮಾತು ಬಿಟ್ಟು ಎಂಟು ತಿಂಗಳಾಗಿತ್ತು.

“ಅವಳಿಗೆ ಹೇಳು, ಮಿಷನ್ ಸದ್ದಿಗೆ ನನ್ನ ಹಲ್ಲು ಅಲ್ಲಾಡ್ತಿದೆ ಅಂತ.”

“ಅವರಿಗೆ ಹೇಳು, ಹಲ್ಲು ಲೋಟದಲ್ಲಿದೆ ಅಂತ.”

ಹೀಗೆ ಆ ಕೋಣೆಯಿಂದ ಈ ಕೋಣೆಗೆ ನರ್ಸಮ್ಮ ರಾಯಭಾರ ಹೊತ್ತು ಓಡಾಡುತ್ತಿದ್ದಳು. ಚಪ್ಪಲಿ ಸವೆದದ್ದು ಮನೆಯೊಳಗೇ.

ಮಾತು ನಿಂತದ್ದು ಹೀಗೆ. ಎಂಟು ತಿಂಗಳ ಹಿಂದೆ ಒಂದು ಮಧ್ಯಾಹ್ನ ಸೊಸೆಯ ಗಂಡ ಊಟ ಮುಗಿಸಿ ಕುರ್ಚಿಯಲ್ಲೇ ಕಣ್ಣು ಮುಚ್ಚಿದ. ದಣಿದಿದ್ದಾನೆ, ಮಲಗಲಿ ಎಂದು ಅವಳು ಮಿಷನ್ ಕೂಡ ನಿಲ್ಲಿಸಿದಳು. ಸಂಜೆ ನೋಡಿದರೆ ಅದು ನಿದ್ದೆಯಾಗಿರಲಿಲ್ಲ. “ಯಾಕೆ ಎಬ್ಬಿಸಲಿಲ್ಲ ನೀನು?” ಎಂದರು ಅತ್ತೆ. ಅದಕ್ಕೆ ಅವಳ ಹತ್ತಿರ ಉತ್ತರ ಇರಲಿಲ್ಲ. ಅವತ್ತಿನಿಂದ ಬೇರೆ ಯಾವುದಕ್ಕೂ ಉತ್ತರ ಕೊಡಲಿಲ್ಲ.

ಈಗ ನರ್ಸಮ್ಮ ಹೋದರೆ? ಮಾತ್ರೆ ಕೊಡುವುದು, ಕೈ ಹಿಡಿದು ಬಚ್ಚಲಿಗೆ ಕರೆದೊಯ್ಯುವುದು ಸೊಸೆಗೆ ಕಷ್ಟವಲ್ಲ. ಆದರೆ ಬಚ್ಚಲಿಗೆ ಯಾವಾಗ ಎಂದು ಅತ್ತೆ ಹೇಳಬೇಕಲ್ಲ. ಯಾರಿಗೆ ಹೇಳುತ್ತಾರೆ, ಗೋಡೆಗೆ?

“ಬದಲಿಯವಳು ಸಿಕ್ಕಿದ್ರೆ ನಾಳೆ ಬೆಳಗ್ಗೆ ಬಸ್ಸು ಹತ್ತೀನಿ,” ಎಂದಳು ನರ್ಸಮ್ಮ. “ಇಲ್ಲಾಂದ್ರೆ ಟಿಕೆಟ್ ವಾಪಸ್. ನಿಮ್ಮಿಬ್ಬರನ್ನೇ ಬಿಟ್ಟು ಹೋದ್ರೆ ನನಗೆ ಅಲ್ಲಿ ಊಟ ಇಳಿಯಲ್ಲ.”

ಸಿಟ್ಟಿನಿಂದಲ್ಲ, ಅಳುಮುಖದಿಂದ ಹೇಳಿದಳು. ಮಡಿಲಲ್ಲಿ ಮೊಮ್ಮಗುವಿಗೆ ತಾನೇ ಹೆಣೆದ ಟೋಪಿ ಇತ್ತು.

ಆಗ ಸೊಸೆಗೆ ಒಂದು ಮಹಾ ಉಪಾಯ ಹೊಳೆಯಿತು. ಗೇಟಿಗೆ ಬೋರ್ಡು!

ಅವಳ ಓದು ನಾಲ್ಕನೇ ಕ್ಲಾಸಿಗೆ ನಿಂತದ್ದು. ಆದರೆ ಅಕ್ಷರ ದುಂಡಗೆ. ಅಂಗಿಯ ಪೆಟ್ಟಿಗೆಯ ಮುಚ್ಚಳ ತೆಗೆದುಕೊಂಡಳು. ‘ಅತ್ತೆಯನ್ನು’ ಎಂದು ಬರೆಯಲು ಹೋಗಿ ಕೈ ತಡೆಯಿತು. ಅತ್ತೆಯನ್ನು ಗೇಟಿಗೆ ತೂಗುಹಾಕಿದರೆ ಬೀದಿಯವರು ಏನಂದಾರು? ‘ಮನೆ’ ಎಂದರೆ ಮರ್ಯಾದೆ. ಮುಚ್ಚಳ ಚಿಕ್ಕದು, ಅಕ್ಷರ ದೊಡ್ಡವು. ಸಾಲು ಮುರಿಯಬೇಕಾಯಿತು.

ಮನೆ ನೋಡಿ
ಕೊಳ್ಳುವವರು ಬೇಕು
ಹದಿನೈದು ದಿನ

ದೂರ ನಿಂತು ನೋಡಿದಳು. ತಪ್ಪಿಲ್ಲ ಎನಿಸಿತು.

ಗಂಟೆಯೊಳಗೆ ಗೇಟು ಕಿರುಗುಟ್ಟಿತು. ನರ್ಸಮ್ಮ ಔಷಧಿ ಅಂಗಡಿಗೆ ಹೋಗಿದ್ದಳು. ಬಂದವರು ಗಂಡ ಹೆಂಡತಿ. ಗಂಡನ ತಲೆ ಬೋಳು, ಕೈಯಲ್ಲಿ ಅಳತೆಯ ಟೇಪು. ಟೇಪು ಕಂಡು ಸೊಸೆಗೆ ಹಿತವಾಯಿತು. ಅಳತೆ ಗೊತ್ತಿರುವ ಮನುಷ್ಯ.

“ಬೋರ್ಡು ನೋಡಿ ಬಂದ್ವಿ,” ಎಂದ ಬೋಳುತಲೆ.

“ಕೂತ್ಕೊಳ್ಳಿ. ಇಬ್ಬರೂ ಇರ್ತೀರಾ?”

“ಇಬ್ಬರೇ,” ಎಂದಳು ಹೆಂಡತಿ. “ಮಕ್ಕಳು ಬೇರೆ ಮನೇಲಿದಾರೆ.”

ಒಬ್ಬರ ಬದಲಿಗೆ ಇಬ್ಬರು! ಸೊಸೆ ನೀರು ತಂದುಕೊಟ್ಟಳು.

“ಎಷ್ಟು ವರ್ಷ ಆಯ್ತು?” ಬೋಳುತಲೆ ಕೇಳಿದ.

“ಬರೋ ತಿಂಗಳಿಗೆ ಎಂಬತ್ತಮೂರು.”

“ಅಷ್ಟು ಹಳೇದಾ! ಮುಂದಿನಿಂದ ನೋಡಿದ್ರೆ ಗೊತ್ತಾಗಲ್ಲ. ರಿಪೇರಿ ಏನಾದ್ರೂ?”

ರಿಪೇರಿ ಎಂಬ ಮಾತು ಸೊಸೆಗೆ ಒರಟು ಎನಿಸಿತು. ಆದರೂ ಮುಚ್ಚಿಡಬಾರದು. “ನಡುವಲ್ಲಿ ಒಂದು ಸಲ ಬಿರುಕು ಬಿಟ್ಟಿತ್ತು. ರಾಡು ಹಾಕಿದಾರೆ.”

“ರಾಡು ಹಾಕಿದ್ರೆ ಗಟ್ಟಿ ಬಿಡಿ. ಸೋರುತ್ತಾ?”

ಸೊಸೆ ದನಿ ತಗ್ಗಿಸಿದಳು. “ಸುಳ್ಳು ಹೇಳಲ್ಲ. ಆಗಾಗ. ಕೆಳಗೆ ಪ್ಲಾಸ್ಟಿಕ್ ಹಾಸಿರ್ತೀವಿ.”

“ಮಳೆಗಾಲದಲ್ಲಾ?”

“ಚಳಿಗಾಲದಲ್ಲಿ ಜಾಸ್ತಿ.”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

“ಗಾಳಿ ಹೇಗೆ?” ಎಂದಳು ಹೆಂಡತಿ.

ಇಷ್ಟು ವಿವರವಾಗಿ ಕೇಳುತ್ತಾರಲ್ಲ, ಅನುಭವಸ್ಥರೇ ಇರಬೇಕು. “ಸಂಜೆ ಹೊತ್ತು ತುಂಬಾ. ಏನೂ ಮಾಡೋಕಾಗಲ್ಲ.”

“ಯಾಕೆ ಮಾಡ್ಬೇಕು? ನಮಗೆ ಬೇಕಾಗಿರೋದೇ ಅದು!”

ಸೊಸೆ ಕಣ್ಣು ಕಣ್ಣು ಬಿಟ್ಟಳು. ಲೋಕದಲ್ಲಿ ಎಂಥೆಂಥ ಒಳ್ಳೆಯವರಿದ್ದಾರೆ!

“ಹದಿನೈದು ದಿನದಲ್ಲೇ ಆಗ್ಬೇಕಾ? ನಮಗೆ ಒಂದೆರಡು ತಿಂಗಳು ಟೈಮ್ ಸಿಕ್ಕಿದ್ರೆ...”

“ಹದಿನಾರನೇ ದಿನ ನೀವು ಬಂದ್ರೂ ಪ್ರಯೋಜನ ಇಲ್ಲ. ಅವಳು ವಾಪಸ್ ಬಂದಿರ್ತಾಳೆ.”

“ಯಾರು?”

“ಈಗ ಇಟ್ಕೊಂಡಿರೋಳು.”

ಬೋಳುತಲೆಗೆ ಇದು ತಿಳಿಯಲಿಲ್ಲ. ಯಾರೋ ಸಾಲಕ್ಕೆ ಒತ್ತೆ ಇಟ್ಟುಕೊಂಡಿದ್ದಾರೆ ಎಂದುಕೊಂಡನೋ ಏನೋ. ಹೆಂಡತಿಯ ಕಡೆ ತಿರುಗಿ, ಗುಟ್ಟು ಎಂದು ತಾನು ಭಾವಿಸಿದ ದೊಡ್ಡ ದನಿಯಲ್ಲಿ, “ಕೆಡವಿಬಿಡೋಣ ಕಣೆ,” ಎಂದ.

ಸೊಸೆ ಚೀರಿದಳು. “ಕೆಡವೋದಾ! ಈ ವಯಸ್ಸಲ್ಲಿ ಒಂದು ಸಲ ಬಿದ್ರೆ ಮುಗೀತು!”

“ಅದಕ್ಕೇ ಅಲ್ವಾ ಹೇಳ್ತಿರೋದು? ತಾನಾಗೇ ಬಿದ್ದು ಯಾರ ಮೇಲಾದ್ರೂ ಬೀಳೋಕೆ ಮುಂಚೆ ನಾವೇ ಕೆಡವಿದ್ರೆ ಕ್ಷೇಮ. ಜಾಗ ಆದ್ರೂ ಖಾಲಿ ಆಗುತ್ತೆ.”

ಸೊಸೆ ಕತ್ತರಿ ಕೈಗೆತ್ತಿಕೊಂಡಳು. ಅಷ್ಟರಲ್ಲಿ ಒಳಕೋಣೆಯಿಂದ ಗುಡುಗು ಬಂತು.

“ಏನೇ! ನಾನು ಮಲಗಿದೀನಿ, ಕಿವಿ ಮಲಗಿಲ್ಲ! ಮನೆ ಜೊತೆ ನನ್ನೂ ಸೇರಿಸಿ ಕೊಡ್ತೀಯೋ, ಬೇರೆ ಬೇರೆ ಕೊಡ್ತೀಯೋ?”

ಎಂಟು ತಿಂಗಳ ಮೇಲೆ ಬಂದ ಮೊದಲ ನೇರ ಮಾತು ಇದು. ಸೊಸೆ ತಬ್ಬಿಬ್ಬಾದಳು. ಅಭ್ಯಾಸ ತಪ್ಪಿ ಹೋಗಿತ್ತು. “ಅವರಿಗೆ ಹೇಳಿ...” ಎಂದು ಬೋಳುತಲೆಯ ಕಡೆಗೇ ತಿರುಗಿದಳು.

“ಏನು ಹೇಳ್ಲಿ?” ಎಂದ ಆ ಪಾಪದವನು, ಕತ್ತರಿಯಿಂದ ಎರಡು ಹೆಜ್ಜೆ ಹಿಂದೆ ಸರಿದು.

ಆಗ ಬಾಗಿಲಲ್ಲಿ ನರ್ಸಮ್ಮ ಕಾಣಿಸಿದಳು. ಒಂದು ಕೈಯಲ್ಲಿ ಔಷಧಿ, ಇನ್ನೊಂದರಲ್ಲಿ ಮುಚ್ಚಳದ ಬೋರ್ಡು. ನಗು ತಡೆಯಲಾರದೆ ಬಾಗಿಲು ಹಿಡಿದುಕೊಂಡಿದ್ದಳು.

“ಅಕ್ಕಾ, ‘ನೋಡಿ’ ಒಂದು ಕಡೆ, ‘ಕೊಳ್ಳುವವರು’ ಇನ್ನೊಂದು ಕಡೆ! ನೀವು ಕರೆದಿರೋದು ಅತ್ತೇನ ನೋಡ್ಕೊಳ್ಳೋರನ್ನಲ್ಲ, ಮನೆ ನೋಡಿ ತಗೊಳ್ಳೋರನ್ನ!”

ಬೋಳುತಲೆ ನಿಧಾನವಾಗಿ ಟೇಪು ಸುತ್ತಿಕೊಂಡ. ಕಿವಿ ಕೆಂಪಾಗಿತ್ತು. ಗೇಟಿನ ಹತ್ತಿರ ಹೋದವನು ಮರ್ಯಾದೆಗೆ ಹಿಂತಿರುಗಿದ. “ಅಮ್ಮನ್ನ ಚೆನ್ನಾಗಿ ನೋಡಿ...” ಎಂದು ನಿಲ್ಲಿಸಿದ. ಯೋಚಿಸಿದ. “ಕೊಳ್ಳಿ,” ಎಂದು ಓಡಿದ.

ನರ್ಸಮ್ಮನ ನಗು ನಿಂತಿತು. ಬದಲಿ ಸಿಗಲಿಲ್ಲ. ಟೋಪಿಯನ್ನು ತನ್ನ ಪೆಟ್ಟಿಗೆಯಿಂದ ತೆಗೆದು ಮೊಳೆಗೆ ತಗುಲಿಸಿದಳು. “ಟಿಕೆಟ್ ವಾಪಸ್ ಮಾಡಿ ಬರ್ತೀನಿ.”

“ಮಾಡಬೇಡ,” ಎಂದರು ಅತ್ತೆ ಮಂಚದಿಂದ. “ಮಗು ಬೆಳೆದುಬಿಟ್ರೆ ಟೋಪಿ ಹಿಡಿಯಲ್ಲ. ಇಲ್ಲಿ ಇದಾಳಲ್ಲ ಒಬ್ಬಳು, ಮಾರೋಕೆ ಹೊರಟೋಳು. ಅನುಭವ ಇದೆಯಾ ಕೇಳು ಅವಳನ್ನ.”

“ನೀವೇ ಕೇಳಿ. ನಾನು ರಜೆಯಲ್ಲಿದೀನಿ.”

ಅತ್ತೆ ಗೋಡೆ ನೋಡಿದರು. ಚಾವಣಿ ನೋಡಿದರು. ನೋಡಲು ಬೇರೆ ಏನೂ ಉಳಿಯಲಿಲ್ಲ.

“ಅನುಭವ ಇದೆಯೇನೇ?”

ಸೊಸೆ ಹೊಸ್ತಿಲಲ್ಲಿ ನಿಂತಿದ್ದಳು. “ಒಬ್ಬರನ್ನ ನೋಡ್ಕೊಂಡಿದ್ದೆ,” ಎಂದಳು. “ಇಪ್ಪತ್ತಾರು ವರ್ಷ.”

ನರ್ಸಮ್ಮ ನಿಂತ ಗಡಿಯಾರದಲ್ಲಿ ಗಂಟೆ ನೋಡಿಕೊಂಡಳು.

“ಹದಿನೈದು ದಿನ ತಾನೆ,” ಎಂದರು ಅತ್ತೆ. “ಇರಲಿ. ನೋಡೋಣ.”

ಹೀಗೆ ಮನೆಯ ಯಜಮಾನಿಗೇ ಬದಲಿ ಆಯಾ ಕೆಲಸ ಸಿಕ್ಕಿತು. ಮರುದಿನ ಬೆಳಗ್ಗೆ ನರ್ಸಮ್ಮ ಟೋಪಿ ಸಮೇತ ಬಸ್ಸು ಹತ್ತಿದಳು.

ಮಾತ್ರೆ ಆಯಿತು, ಸ್ನಾನ ಆಯಿತು, ಬೈಗುಳ ಆಯಿತು, ಊಟ ಆಯಿತು. ಮಧ್ಯಾಹ್ನ ಅತ್ತೆ ಕಣ್ಣು ಮುಚ್ಚಿದರು. ಸೊಸೆ ಮಿಷನ್ನಿಗೆ ಕೂತಳು. ಒಂದು ಜಿಪ್ಪು ಮುಗಿಯಲಿಲ್ಲ, ಎದ್ದು ಒಳಗೆ ಹೋದಳು.

“ಅತ್ತೆ. ಅತ್ತೆ!”

“ಹಾಂ? ಏನೇ?”

“ಏನಿಲ್ಲ. ಮಲ್ಕೊಳ್ಳಿ.”

ಎರಡನೇ ಸಲ ಭುಜ ಅಲುಗಾಡಿಸಿದಳು. ಮೂರನೇ ಸಲಕ್ಕೆ ಅತ್ತೆ ಎದ್ದೇ ಕೂತರು. ಬೈಯಲು ಬಾಯಿ ತೆರೆದವರು ಸೊಸೆಯ ಮುಖ ನೋಡಿ ಮುಚ್ಚಿದರು.

ಆಮೇಲೆ ಕೇಳಿದರು, “ಆ ಬೋರ್ಡು ಎಲ್ಲಿದೆ?”

“ಇದೆ. ಯಾಕೆ?”

“ಗೇಟಿಗೆ ಹಾಕು. ಮಲಗಿದೋರನ್ನ ಮಲಗೋಕೆ ಬಿಡೋರು ಬೇಕು ಅಂತ ಬರಿ.”

“ಅಷ್ಟುದ್ದ ಹಿಡಿಯಲ್ಲ ಅತ್ತೆ.”

“ಹಾಗಾದ್ರೆ ಇದ್ದಿದ್ದನ್ನೇ ಹಾಕು. ಬೋಳುತಲೆಯವನು ಬರಲಿ. ಅವನಾದ್ರೆ ಒಂದೇ ಸಲ ಕೆಡವ್ತಾನೆ. ನೀನು ಹತ್ತು ನಿಮಿಷಕ್ಕೊಂದು ಸಲ!”

ಸೊಸೆ ಹೊರಗೆ ಬಂದು ಮಿಷನ್ ತುಳಿದಳು. ಇನ್ನು ಹೋಗಬಾರದು ಎಂದುಕೊಂಡಳು. ಹತ್ತು ನಿಮಿಷಕ್ಕೆ ಕಾಲು ತಾನಾಗಿ ನಿಂತಿತು. ಮಿಷನ್ ಸದ್ದೂ ನಿಂತಿತು. ಅವಳು ಸ್ಟೂಲಿನಿಂದ ಇನ್ನೂ ಎದ್ದಿರಲಿಲ್ಲ.

ಗೋಡೆಯ ಆ ಕಡೆಯಿಂದ ದನಿ ಬಂತು.

“ಇದೀನಿ ಕಣೇ, ಇದೀನಿ! ಹೊಲಿ ನೀನು!”