ಏಳನೇ ಬಿಲ್ಲೆ

ಒಂದೇ ಬಾಗಿಲಿರೋ ಮನೇಲಿ ನಮ್ಮ ಸೋದರಮಾವ ನೀರೂ ಮುಟ್ಟಲ್ಲ. ನನಗೆ ಹೆಣ್ಣು ನೋಡೋಕೆ ಬಾಗಲೂರಿಗೆ ಹೋದಾಗ, ಉಪ್ಪಿಟ್ಟು ಬರೋ ಮುಂಚೇನೇ "ಹಿಂದ್ಲ ಬಾಗಿಲು ಎಲ್ಲೈತೆ?" ಅಂದುಬಿಟ್ಟ. ಗಂಡು ಓಡಿಹೋಗೋ ಪೈಕಿ ಅಂದ್ಕೊಂಡು ಹೆಣ್ಣಿನವರು ನನ್ನ ಚಪ್ಪಲೀನೇ ಬಚ್ಚಿಟ್ಟರು! ಮದುವೆ ಆಯ್ತು ಅನ್ನಿ.

ರಾಯಕೋಟೆ ಆಚೆ ಗುಡ್ಡ ಕೊರೆದು ಮಾಡ್ತಿರೋ ರಸ್ತೆ ಸುರಂಗದ ಬಾಯಲ್ಲಿ ಮಾವ ಗೇಟು ಕಾಯ್ತಾನೆ. ಒಳಗೆ ಗಾಳಿ ಫ್ಯಾನು ಬಿಗಿಯೋನು ನಾನು. ಓದಿದ್ದು ಐದನೇ ಕ್ಲಾಸು. ನಾನು ಬಿಗಿದ ಫ್ಯಾನು ಅಲ್ಲಾಡಿದ್ದು ಯಾರಾದರೂ ಕಂಡಿದ್ದರೆ ಬಂದು ಹೇಳಲಿ. ಅಲ್ಲಿನ ರೂಲ್ಸು ಏನಪ್ಪಾ ಅಂದ್ರೆ, ಒಳಗೆ ಹೋಗೋನು ತನ್ನ ನಂಬರಿನ ಬಿಲ್ಲೇನ ಗೇಟಿನ ಹಲಗೆಗೆ ತಗುಲಿಹಾಕಬೇಕು, ಈಚೆ ಬಂದಾಗ ತಕ್ಕೋಬೇಕು. ಬಿಲ್ಲೆ ತೂಗ್ತಿದ್ದರೆ ಆಳು ಒಳಗವ್ನೆ ಅಂತ ಅರ್ಥ.

ಈ ರೂಲ್ಸನ್ನ ಮಾವ ಮನೆಗೂ ತಂದ. ಬಚ್ಚಲಮನೆ ಬಾಗಿಲಿಗೆ ಮೊಳೆ ಹೊಡೆದ.

"ಮೈ ತೊಳ್ಯಾಕೂ ಬಿಲ್ಲೆನಾ?" ಅಂದಳು ಅತ್ತೆ.

"ಹಂಡೆ ಒಲೇಲಿ ಹೊಗೆ ಬರಾಕಿಲ್ವಾ?"

"ನಿನ್ ಬಾಯಾಗೂ ಬೀಡಿ ಹೊಗೆ ಬತ್ತದೆ. ಅಲ್ಲೊಂದು ಮೊಳೆ ಹೊಡ್ಕೊ."

ಇಲ್ಲೀತನಕ ನಗಬಹುದು. ಆದರೆ ಆ ಹಲಗೇಲಿ ಏಳನೇ ಬಿಲ್ಲೆ ಯಾವತ್ತೂ ಇಳಿದಿಲ್ಲ. ಏಳು ನಂಬರಿನ ಆಳೇ ನಮ್ಮಲ್ಲಿಲ್ಲ. ಮಟಮಟ ಮಧ್ಯಾಹ್ನ ನಾವೆಲ್ಲ ಊಟಕ್ಕೆ ಈಚೆ ಬಂದ ಮೇಲೆ, ಮಾವ ಆ ಕತ್ತಲ ಬಾಯಿಗೆ ಮುಖ ಕೊಟ್ಟು "ಏಳು" ಅಂತ ಕೂಗ್ತಾನೆ. "ಏಳು... ಏಳು..." ಅಂತ ಒಳಗಿಂದ ಬತ್ತದೆ. ಗುಡ್ಡ ಮಾರ್ದನಿ ಕೊಡ್ತದೆ, ಅಷ್ಟು ನನಗೂ ಗೊತ್ತು. ಆದರೆ ಕಟ್ಟಕಡೇದು ಮಾವನ ದನಿ ಥರ ಇರಲ್ಲ.

ಹೊಸದಾಗಿ ಬಂದ ಸೇಫ್ಟಿ ಇಂಜಿನಿಯರು, ಆ ಏಳು ಯಾರು ಅಂತ ತಮಿಳಲ್ಲಿ ಕೇಳಿದರು: "ಪೆರಿಯವರೇ, ಯಾರ್ ಅಂದ ಏಳು?"

"ಇನ್ನೂ ಬಂದಿಲ್ಲ ಸಾರ್," ಅಂದ ಮಾವ.

ಇಲ್ಲದೋನು ಒಳಗವ್ನೆ ಅಂತ ಹಲಗೆ ಹೇಳಿದರೆ, ಇರೋನನ್ನ ಹುಡುಕೋದು ಹೆಂಗೆ? ಇಂಜಿನಿಯರು ಅಂದಿದ್ದು ನ್ಯಾಯಾನೇ. ಸಂಜೆಯೊಳಗೆ ಆ ಬಿಲ್ಲೆ ಇಳೀಬೇಕು, ಇಲ್ಲಾಂದ್ರೆ ಮಾವ ಗೇಟು ಬಿಡಬೇಕು.

ಊಟ ಮುಗಿಸಿ ನಾವು ಒಳಗೆ ಹೋದೆವು. ಸ್ವಲ್ಪ ಹೊತ್ತಿಗೆ ಟಿಪ್ಪರೊಂದು ಹತ್ಕೊಂತು. ಲೈಟು ಹೋಯ್ತು. ಹೊಗೆ ಬಂತು ನೋಡಿ, ಕರೀ ಕಂಬಳಿ ಮುಸುಕು ಹಾಕಿದಂಗೆ. ಯಾವ ಕಡೆ ಬಾಯಿ, ಯಾವ ಕಡೆ ಗುಡ್ಡ ತಿಳೀಲಿಲ್ಲ. ಅಲ್ಲೇ ನೆಲಕ್ಕೆ ಕೂತೆ. ಹಂಗೇ ಮಲಗಿಬಿಡೋಣ ಅನ್ನಿಸ್ತು.

"ಏಳು!"

ನನ್ನ ಬಿಲ್ಲೆ ಹನ್ನೆರಡು. ಆದರೂ ಎದ್ದೆ. ದನಿ ಬಂದ ಕಡೆಗೆ ಗೋಡೆ ಸವರ್ಕೊಂಡು ನಡೆದೆ.

ಎಲ್ಲರೂ ಈಚೆ ಬಂದು, ಕೆಮ್ಮು ನಿಂತ ಮೇಲೆ ಕೇಳಿದೆ, "ಹನ್ನೆರಡು ಅನ್ನೋದು ಬಿಟ್ಟು ಏಳು ಅಂತ ಯಾಕ್ ಕೂಗ್ದೆ ಮಾವ?"

"ನಂಬರ್ ಅಲ್ಲ ಕಣ್ಲಾ. ಎದ್ದೇಳು ಅಂದೆ." ಮಾವ ಹಲಗೆ ಕಡೆ ತಿರುಗಿದ. "ನಿಮ್ಮಪ್ಪ ಘಾಟಿ ಸುರಂಗದ ಹೊಗೇಲಿ ಬಿದ್ದಾಗ ನೀನು ತೊಟ್ಲಾಗಿದ್ದೆ. ಆಗ ಬಿಲ್ಲೆ ಇರ್ಲಿಲ್ಲ. ಒಳಗವ್ನೆ ಅಂತಾನೇ ಯಾರಿಗೂ ಗೊತ್ತಾಗ್ಲಿಲ್ಲ. ನಾನು ಈಚೆ ಟೀ ಕುಡೀತಿದ್ದೆ."

ಸಂಜೆ ಮಾವ ಏಳನೇ ಬಿಲ್ಲೇನ ತಾನೇ ಇಳಿಸಿದ. ಪಂಚೇಲಿ ಒರೆಸಿ, ನನ್ನ ಹನ್ನೆರಡರ ಜೊತೆ ಕೈಗಿಟ್ಟ.

"ಇಬ್ರೂ ಬಂದ್ರಿ ಬುಡು," ಅಂದ.